ಹುಳ ಬುದ್ಧಿ ಕಲಿತಿಲ್ಲ, ನಾವೇ ಆರಿಸಿದ್ದು

ಡಿಸೆಂಬರ್ ಕೊನೆಯ ವಾರ. ದೇವದುರ್ಗ ರಸ್ತೆಯಲ್ಲಿರುವ ಕಾಕಾನ ಹೊಲದಲ್ಲಿ ಮೂರನೇ ಸಲ ಹತ್ತಿ ಬಿಡಿಸುತ್ತಿದ್ದರು. ಕಾಕಾ ಒಂದು ಹಸಿರು ಕಾಯಿ ಕಿತ್ತು ನನ್ನ ಕೈಗಿಟ್ಟರು. ನಿಂಬೆಹಣ್ಣಿನಷ್ಟು ದಪ್ಪ. ಮೈಮೇಲೆ ಒಂದು ಗೀರಿಲ್ಲ, ತೂತಿಲ್ಲ. "ಚಲೋ ಅದಲ್ಲ ಕಾಕಾ" ಅಂದೆ. ಅವರು ಮಾತಾಡಲಿಲ್ಲ. ಕುಡುಗೋಲಿನ ತುದಿಯಿಂದ ಕಾಯಿ ಸೀಳಿ ತೋರಿಸಿದರು. ಒಳಗಿನ ನಾಲ್ಕು ತೊಳೆಗಳಲ್ಲಿ ಎರಡು ಕಂದಾಗಿ ಗಂಟು ಕಟ್ಟಿದ್ದವು. ಬೀಜದ ಮಗ್ಗುಲಲ್ಲಿ ಅರ್ಧ ಇಂಚಿಗಿಂತ ಕಡಿಮೆ ಉದ್ದದ ಗುಲಾಬಿ ಬಣ್ಣದ ಹುಳ. ಬೆಳಕು ಬಿದ್ದದ್ದೇ ತಡ, ಹತ್ತಿಯ ಎಳೆಯೊಳಗೆ ತಲೆ ತೂರಿಸಿತು.

"ಮೊದಲ ಬಿಟಿ ಬಂದಾಗ ಇದು ಕಣ್ಣಿಗೇ ಬೀಳ್ತಿದ್ದಿಲ್ಲ ತಮ್ಮಾ. ಈಗ ರೂಢಿ ಆಗ್ಯದ. ಬುದ್ಧಿ ಕಲ್ತಾವ ಹುಳ."

ಬಿಟಿ ಅಂದರೆ ಹುಳ ಸಾಯಿಸುವ ವಿಷವನ್ನು ಗಿಡವೇ ಮಾಡಿಕೊಳ್ಳುವ ಹತ್ತಿ, ಅದರ ಕಥೆ ಮುಂದೆ ಬರುತ್ತದೆ. ಹುಳ ಬುದ್ಧಿ ಕಲಿತಿವೆ ಅನ್ನುವುದು ಕಾಕಾ ಒಬ್ಬರ ಮಾತಲ್ಲ. ರಾಯಚೂರಿನ ಗಂಜ್‌ನಲ್ಲಿ ಹತ್ತಿ ಗಾಡಿ ನಿಲ್ಲಿಸಿಕೊಂಡು ಚಹಾ ಕುಡಿಯುವವರೂ ಇದನ್ನೇ ಹೇಳುತ್ತಾರೆ. ಗೊಬ್ಬರದ ಅಂಗಡಿಯವರೂ ಇದನ್ನೇ ಹೇಳಿ, ಹಿಂದೆಯೇ ಇನ್ನೊಂದು ಹೊಸ ಡಬ್ಬಿ ಮುಂದಿಡುತ್ತಾರೆ. ಹುಳಕ್ಕೆ ರೂಢಿಯಾಗಿದ್ದರೆ ಡೋಸ್ ಜಾಸ್ತಿ ಮಾಡಬೇಕು ಅಥವಾ ಬೇರೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಬೇಕು, ಅಷ್ಟೇ ಅಲ್ವಾ? ನನ್ನ ತಕರಾರು ಇರುವುದೇ ಇಲ್ಲಿ. ಯಾವ ಹುಳವೂ ರೂಢಿ ಮಾಡಿಕೊಂಡಿಲ್ಲ. ಒಂದೊಂದು ಹುಳ ಹುಟ್ಟಿದ ಹಾಗೇ ಬದುಕಿತು, ಇಲ್ಲ ಸತ್ತಿತು. ಬದಲಾಗಿದ್ದು ಹೊಲದಲ್ಲಿರುವ ಹುಳಗಳ ಲೆಕ್ಕ. ಇದನ್ನು ಸರಿಯಾಗಿ ತಿಳಿದುಕೊಂಡರೆ ಔಷಧಿಯ ದಾರಿಯೇ ಬೇರೆ ಕಡೆ ಹೊರಳುತ್ತದೆ.

ಬಿಟಿ ಬಂದದ್ದು ಯಾಕೆ

ಹಿರಿಯ ರೈತರಿಗೆ ನೆನಪಿರುತ್ತದೆ. ಬಿಟಿಗೆ ಮೊದಲು ಹತ್ತಿಯ ದೊಡ್ಡ ಶತ್ರು ಹಸಿರು ಕಾಯಿಕೊರಕ. ಪೈರೆಥ್ರಾಯ್ಡ್ ಎಣ್ಣೆಗಳು ಬಂದಾಗ ಹುಳ ಪಟಪಟ ಉದುರಿದವು. ಆದರೆ 1980ರ ದಶಕದ ಕೊನೆಗೇ ಪಕ್ಕದ ಆಂಧ್ರದ ಹತ್ತಿಯಲ್ಲಿ ಆ ಎಣ್ಣೆಗೆ ಸಾಯದ ಹುಳಗಳು ಕಾಣಿಸಿಕೊಂಡವು. ಆಮೇಲಿನ ಹತ್ತು ವರ್ಷ ಹತ್ತಿ ಬೆಳೆದವರು ಪಟ್ಟ ಪಾಡು ಹೇಳತೀರದು.

2002ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರದ ಸಮಿತಿ ಬಿಟಿ ಹತ್ತಿಗೆ ಒಪ್ಪಿಗೆ ಕೊಟ್ಟಿತು. ಬಿಟಿ ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನಲ್ಲಿ ರೇಷ್ಮೆಹುಳ ಸಾಯುತ್ತಿದ್ದದ್ದರ ಕಾರಣ ಹುಡುಕುವಾಗ ಇದು ಮೊದಲು ಸಿಕ್ಕಿತು. ಹತ್ತು ವರ್ಷದ ಮೇಲೆ ಜರ್ಮನಿಯ ತುರಿಂಜಿಯಾದಲ್ಲಿ ಹಿಟ್ಟಿನ ಹುಳದಲ್ಲಿ ಮತ್ತೆ ಸಿಕ್ಕಿ ಆ ಸೀಮೆಯ ಹೆಸರು ಪಡೆಯಿತು. ಈ ಬ್ಯಾಕ್ಟೀರಿಯಾ ಮಾಡುವ ಒಂದು ಪ್ರೋಟೀನ್ ಹುಳದ ಹೊಟ್ಟೆಗೆ ವಿಷ. ಆ ಪ್ರೋಟೀನಿನ ಜೀನನ್ನು ಹತ್ತಿಗೆ ಸೇರಿಸಿದರು. ಹಾಗಾಗಿ ಗಿಡವೇ ತನ್ನ ಎಣ್ಣೆ ತಾನು ತಯಾರಿಸಿಕೊಳ್ಳುತ್ತದೆ.

ಈ ವಿಷ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಮುಂದಿನ ಕಥೆ ಸಲೀಸು. ಹುಳದ ಕರುಳಿನ ಗೋಡೆಯಲ್ಲಿ ಗೂಟಗಳಿವೆ ಅಂದುಕೊಳ್ಳಿ. ಅದರಲ್ಲಿ ಒಂದು ಥರದ ಗೂಟಕ್ಕೆ ವಿಜ್ಞಾನಿಗಳು ಕ್ಯಾಡ್‌ಹೆರಿನ್ ಅನ್ನುತ್ತಾರೆ. ಬಿಟಿ ವಿಷ ಹೋಗಿ ಈ ಗೂಟಕ್ಕೆ ಕಟ್ಟಿಕೊಳ್ಳಬೇಕು. ಕಟ್ಟಿಕೊಂಡರೆ ಕರುಳು ತೂತಾಗಿ ಹುಳ ಸಾಯುತ್ತದೆ. ಗೂಟವೇ ಮುರಿದಿದ್ದರೆ? ವಿಷ ಹಗ್ಗವಿಲ್ಲದ ಎಮ್ಮೆಯ ಹಾಗೆ ಸುಮ್ನೆ ಅಡ್ಡಾಡಿಕೊಂಡು ಹೊರಗೆ ಹೋಗುತ್ತದೆ.

ಗೂಟ ಮುರಿದ ಹುಳಗಳು ಬಿಟಿ ಬರುವ ಮೊದಲೂ ಇದ್ದವು. ಇದು ಮುಖ್ಯ. ಜೀವಿಗಳು ಮರಿ ಹಾಕುವಾಗ, ಮೊಟ್ಟೆ ಇಡುವಾಗ, ಜೀನುಗಳ ನಕಲು ಆಗುತ್ತದೆ. ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪು ಬೀಳುತ್ತದೆ. ಹೊಲದಲ್ಲಿ ವಿಷ ಇದೆಯೋ ಇಲ್ಲವೋ ಆ ತಪ್ಪಿಗೆ ಗೊತ್ತಿಲ್ಲ. ಹೆಚ್ಚಿನ ತಪ್ಪುಗಳಿಂದ ನಷ್ಟವೇ. ಗೂಟ ಮುರಿದ ಹುಳ ಹಳೇ ಹತ್ತಿ ಹೊಲದಲ್ಲಿ ಇದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಅದಕ್ಕೆ ಲಾಭವೂ ಇರಲಿಲ್ಲ.

ಅಜ್ಜಿಯ ತೆನೆ, ಯಾರೂ ಇಲ್ಲದ ಹೊಲ

ನಮ್ಮ ಅಜ್ಜಿ ಬಿಳಿಜೋಳದ ರಾಶಿ ಮಾಡುವ ಮೊದಲು ತೆನೆಗಳ ನಡುವೆ ಕೂತು ಆರಿಸುತ್ತಿದ್ದರು. ದೊಡ್ಡ ತೆನೆ, ತುಂಬಿದ ಕಾಳು, ಹುಳ ಮುಟ್ಟದ್ದು. ಅವುಗಳನ್ನು ಜಂತಿಗೆ ಕಟ್ಟಿ ಹೊಗೆ ತಾಗುವ ಹಾಗೆ ಇಡುತ್ತಿದ್ದರು. ಮುಂದಿನ ಹಿಂಗಾರಿಗೆ ಅವೇ ಬೀಜ. ಮಿಕ್ಕಿದ್ದು ರೊಟ್ಟಿಗೆ. ಸಾವಿರಾರು ಅಜ್ಜಿಯರು ಸಾವಿರಾರು ವರ್ಷ ಹೀಗೆ ಮಾಡಿದ್ದಕ್ಕೇ ಕಾಡು ಹುಲ್ಲಿನಂತಿದ್ದ ಜೋಳ ಇವತ್ತಿನ ಜೋಳವಾಯಿತು. ಕಿಲಾರಿ ಹೋರಿ, ಬಳ್ಳಾರಿ ಕುರಿ ಎಲ್ಲಕ್ಕೂ ಇದೇ ದಾರಿ.

ಚಾರ್ಲ್ಸ್ ಡಾರ್ವಿನ್ ತನ್ನ ವಾದವನ್ನು ಶುರು ಮಾಡಿದ್ದೂ ಇಂಥ ಕಡೆಯಿಂದಲೇ. ಸಾಕುವವರು ಪಾರಿವಾಳಗಳನ್ನು ಆರಿಸಿ ಆರಿಸಿ ಎಷ್ಟೊಂದು ತಳಿ ಮಾಡಿದ್ದಾರೆ ಅಂತ ಮೊದಲು ತೋರಿಸಿದ. ಆಮೇಲೆ ಕೇಳಿದ ಪ್ರಶ್ನೆ ಇದು: ಆರಿಸುವ ಕೈಯೇ ಇಲ್ಲದಿದ್ದರೂ ಆಯ್ಕೆ ಆಗಬಹುದಾ? ಆಗುತ್ತದೆ ಅಂತ 1858ರಲ್ಲಿ ಅವನೂ ಆಲ್‌ಫ್ರೆಡ್ ರಸೆಲ್ ವಾಲೇಸನೂ ಒಟ್ಟಿಗೆ ಜಗತ್ತಿಗೆ ಹೇಳಿದರು. ಮುಂದಿನ ವರ್ಷ ಡಾರ್ವಿನ್ನನ ಪುಸ್ತಕ ಬಂತು. ಹುಟ್ಟುವವರಲ್ಲಿ ಒಬ್ಬರಂತೆ ಒಬ್ಬರಿರುವುದಿಲ್ಲ. ಆ ವ್ಯತ್ಯಾಸದಲ್ಲಿ ಕೆಲವು ಮಕ್ಕಳಿಗೂ ಇಳಿಯುತ್ತವೆ. ಹುಟ್ಟಿದವರೆಲ್ಲ ಬದುಕಿ ಮರಿ ಮಾಡುವುದಿಲ್ಲ. ಈ ಮೂರು ಸೇರಿದರೆ ಸಾಕು. ಬುಟ್ಟಿ ಹಿಡಿದು ಕೂತ ಅಜ್ಜಿ ಬೇಕಾಗಿಲ್ಲ. ಇದಕ್ಕೇ ನೈಸರ್ಗಿಕ ಆಯ್ಕೆ ಅನ್ನುವುದು. ಜೀನ್ ಅಂದರೇನು ಅಂತ ಡಾರ್ವಿನ್ನನಿಗೆ ಗೊತ್ತಿರಲಿಲ್ಲ. ಬಟಾಣಿ ಗಿಡಗಳನ್ನು ಎಣಿಸಿದ ಮೆಂಡೆಲ್ ತನ್ನ ಲೆಕ್ಕವನ್ನು 1866ರಲ್ಲಿ ಅಚ್ಚು ಹಾಕಿಸಿದರೂ ಅದು ಜನರ ಕಣ್ಣಿಗೆ ಬೀಳಲು 1900 ಆಗಬೇಕಾಯಿತು.

ಪಾಠದಲ್ಲಿ ಇದನ್ನು ಹೇಳುವಾಗ ಜಿರಾಫೆಯ ಕುತ್ತಿಗೆ ತರುತ್ತಾರೆ. ರಾಯಚೂರಿನಲ್ಲಿ ಜಿರಾಫೆ ನೋಡಿದವರು ಯಾರು? ಹತ್ತಿ ಹೊಲ ಇರುವಾಗ ಆಫ್ರಿಕಾಕ್ಕೆ ಹೋಗುವ ಜರೂರತ್ತಿಲ್ಲ.

ಎಲ್ಲರೂ ಬಿಸಾಕಿದ ಪೊಟ್ಟಣ

ಗುಲಾಬಿ ಕಾಯಿಕೊರಕ ನಮಗೆ ಹೊಸ ಅತಿಥಿ ಅಲ್ಲ. ವಿಜ್ಞಾನದ ದಾಖಲೆಗೆ ಇದು ಸೇರಿದ್ದೇ ಭಾರತದಿಂದ. ಗುಜರಾತಿನ ಭರೂಚ್‌ನಿಂದ ಹೋದ ಮಾದರಿ ನೋಡಿ 1843ರಲ್ಲಿ ಇದಕ್ಕೆ ಹೆಸರಿಟ್ಟರು. ಪತಂಗ ಬೂದುಗಂದು, ನೋಡಲು ಏನೂ ಇಲ್ಲ. ಹೆಣ್ಣು ನೂರಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಮರಿ ಮೊಟ್ಟೆಯಿಂದ ಬಂದ ಸ್ವಲ್ಪ ಹೊತ್ತಿಗೇ ಮೊಗ್ಗು, ಹೂವು ಅಥವಾ ಕಾಯಿ ಹೊಕ್ಕುಬಿಡುತ್ತದೆ. ಹೊಕ್ಕ ತೂತು ಮುಚ್ಚಿಕೊಳ್ಳುತ್ತದೆ. ಅದಕ್ಕೇ ಕಾಕಾ ಕೊಟ್ಟ ಕಾಯಿ ಹೊರಗಿನಿಂದ ಅಷ್ಟು ಚೆನ್ನಾಗಿತ್ತು. ಒಳಗೆ ಸೇರಿದ ಹುಳಕ್ಕೆ ನೀವು ಯಾವ ಎಣ್ಣೆ ಹೊಡೆದರೂ ತಾಗುವುದಿಲ್ಲ. ಮೊಟ್ಟೆಯಿಂದ ಪತಂಗದ ತನಕ ಸುಮಾರು ಒಂದು ತಿಂಗಳು. ಒಂದು ಹಂಗಾಮಿನಲ್ಲಿ ನಾಲ್ಕೈದು ತಲೆಮಾರು.

ಈಗ ಲೆಕ್ಕ ಮಾಡೋಣ. ಪ್ರತಿ ಹುಳದಲ್ಲೂ ಗೂಟದ ಜೀನಿನ ಎರಡು ಪ್ರತಿ ಇರುತ್ತವೆ, ಒಂದು ಅಪ್ಪನದು, ಒಂದು ಅವ್ವನದು. ಸಾವಿರಕ್ಕೆ ಒಂದು ಪ್ರತಿ ಕೆಟ್ಟದ್ದು ಅಂತ ಹಿಡಿಯಿರಿ, ಸುಮ್ನೆ ಲೆಕ್ಕಕ್ಕೆ. ಒಂದೇ ಪ್ರತಿ ಕೆಟ್ಟಿದ್ದರೆ ಇನ್ನೊಂದರಿಂದ ಗೂಟ ತಯಾರಾಗುತ್ತದೆ, ಹುಳ ಬಿಟಿ ತಿಂದು ಸಾಯುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಬದುಕುತ್ತದೆ. ಅಂಥದ್ದು ಹತ್ತು ಲಕ್ಷಕ್ಕೆ ಒಂದು.

ಊರಿಡೀ ಬಿಟಿ ಹತ್ತಿ ಇದೆ. ಹತ್ತು ಲಕ್ಷದಲ್ಲಿ ಒಂದು ಬಿಟ್ಟು ಮಿಕ್ಕವೆಲ್ಲ ಸತ್ತವು. ರೈತ ಖುಷಿ. ಆದರೆ ಜಿಲ್ಲೆಯ ಹೊಲಗಳಲ್ಲಿ ಹುಟ್ಟುವ ಹುಳ ಲಕ್ಷದ ಲೆಕ್ಕದಲ್ಲಿಲ್ಲ, ಕೋಟಿ ಕೋಟಿ. ಉಳಿದ ನಾಲ್ಕಾರು ಪತಂಗಗಳು ಸಂಜೆ ಹಾರಿ ಜೋಡಿ ಹುಡುಕುತ್ತವೆ. ಅವುಗಳಿಗೆ ಸಿಗುವುದು ಯಾರು? ಉಳಿದ ಇನ್ನೊಂದೇ. ಬೇರೆ ಯಾರೂ ಬದುಕಿಲ್ಲವಲ್ಲ. ಗೂಟ ಮುರಿದ ಗಂಡು, ಗೂಟ ಮುರಿದ ಹೆಣ್ಣು. ಮಕ್ಕಳೆಲ್ಲ ಹಾಗೇ. ಮುಂದಿನ ತಿಂಗಳು ಆ ಮಕ್ಕಳಿಗೆ ತಿನ್ನಲು ಇಡೀ ಹೊಲ, ಪಾಲು ಕೇಳುವವರಿಲ್ಲ.

ಇದನ್ನು ತಡೆಯುವುದು ಹೇಗೆ ಅಂತ ವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು. ಉಪಾಯ ಕೇಳಿದರೆ ನಗು ಬರುತ್ತದೆ: ಹೊಲದಲ್ಲಿ ಒಂದಿಷ್ಟು ಬಿಟಿ ಇಲ್ಲದ ಹತ್ತಿ ಹಾಕಿ, ಹುಳ ಸಾಕಿ. ಅಲ್ಲಿ ಗೂಟ ನೆಟ್ಟಗಿರುವ ಹುಳಗಳು ಬೇಕಾದಷ್ಟು ಬೆಳೆಯುತ್ತವೆ. ಬಿಟಿಯಲ್ಲಿ ಬದುಕಿದ ಒಂದು ಪತಂಗಕ್ಕೆ ಸುತ್ತ ನೂರಾರು ಸಾದಾ ಪತಂಗ. ಜೋಡಿಯಾಗುವುದು ಅವುಗಳ ಜೊತೆಗೇ. ಮಕ್ಕಳಿಗೆ ಒಂದು ಕೆಟ್ಟ ಪ್ರತಿ, ಒಂದು ಒಳ್ಳೆಯ ಪ್ರತಿ. ಆ ಮಕ್ಕಳು ಬಿಟಿ ತಿಂದರೆ ಸಾಯುತ್ತವೆ. ಈ ಪಟ್ಟಿಗೆ ಆಶ್ರಯ ಬೆಳೆ ಅನ್ನುತ್ತಾರೆ. ಹೊಲದ ಸುತ್ತ ಐದು ಸಾಲು, ಇಲ್ಲವೇ ಹೊಲದ ಶೇ 20 ಭಾಗ, ಯಾವುದು ಜಾಸ್ತಿಯೋ ಅದು. ಅದಕ್ಕಾಗಿಯೇ 450 ಗ್ರಾಂ ಬಿಟಿ ಬೀಜದ ಪ್ಯಾಕೆಟ್ ಜೊತೆ 120 ಗ್ರಾಂ ಬೇರೆ ಪೊಟ್ಟಣ ಕೊಡುತ್ತಿದ್ದರು.

ಆ ಪೊಟ್ಟಣ ನಮ್ಮ ಮನೆಯಲ್ಲಿ ಏನಾಯಿತು ಅಂತ ನನಗೆ ಗೊತ್ತು. ಎತ್ತಿನ ಕೊಟ್ಟಿಗೆಯ ಮಾಡದಲ್ಲಿ ನಾಲ್ಕು ವರ್ಷದ ಪೊಟ್ಟಣಗಳು ಒಂದರ ಮೇಲೊಂದು ಕೂತಿದ್ದವು, ಧೂಳು ಹಿಡಿದು, ಅರ್ಧ ಇಲಿ ಕಡಿದು. ಕೊಟ್ಟ ಅಂಗಡಿಯವರು ಅದೇನು ಅಂತ ಹೇಳಿರಲಿಲ್ಲ. ಕಾಕಾ ಕೇಳಿರಲಿಲ್ಲ. ಒಂದು ವರ್ಷ ಮೊಳೆಯುತ್ತದೇನೋ ಅಂತ ಬದುವಿನಲ್ಲಿ ಎಸೆದು ನೋಡಿದ್ದರಂತೆ, ಸರಿಯಾಗಿ ಹುಟ್ಟಲೇ ಇಲ್ಲ. ಎಕರೆಗಟ್ಟಲೆ ಗುತ್ತಿಗೆ ಕೊಟ್ಟು ಮಾಡುವವನಿಗೆ "ಐದು ಸಾಲು ಹುಳಕ್ಕೆ ಬಿಡು" ಅಂದರೆ ಯಾರು ಬಿಡುತ್ತಾರೆ? ಲಾಭ ಊರಿಗೆಲ್ಲ, ನಷ್ಟ ಅವನೊಬ್ಬನಿಗೆ. ರೈತರನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಯಾಕೆ ಅಂತ ಹೇಳದೆ ಒಂದು ಪೊಟ್ಟಣ ಕೈಗಿಟ್ಟು ಕಳಿಸಿದವರದ್ದೇ ತಪ್ಪು ಜಾಸ್ತಿ. ಈಚೆಗೆ ಪ್ಯಾಕೆಟಿನೊಳಗೇ ಶೇ 5ರಿಂದ 10ರಷ್ಟು ಬಿಟಿಯೇತರ ಬೀಜ ಬೆರೆಸಿ ಕೊಡುವ ಪದ್ಧತಿ ಬಂದಿದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಆದದ್ದು ಇಷ್ಟು. 2006ರಲ್ಲಿ ಎರಡು ಜೀನುಗಳ ಬಿಟಿ ಬಂತು. ಮೊದಲ ಜೀನಿನ ಬಿಟಿ ಗುಜರಾತಿನ ಅಮ್ರೇಲಿ, ಭಾವನಗರ, ಜುನಾಗಢ, ರಾಜ್‌ಕೋಟ್‌ಗಳಲ್ಲಿ ಗುಲಾಬಿ ಹುಳದ ಮುಂದೆ ಸೋತಿದೆ ಅಂತ 2010ರಲ್ಲಿ ಬೀಜ ತಂತ್ರಜ್ಞಾನದ ಕಂಪನಿಯೇ ಒಪ್ಪಿಕೊಂಡಿತು. 2015ರ ಹೊತ್ತಿಗೆ ಎರಡನೆಯದೂ ಸೋಲುತ್ತಿತ್ತು. ನಮ್ಮ ಕಡೆ ಕಾಯಿ ಸೀಳಿದಲ್ಲೆಲ್ಲ ಗುಲಾಬಿ ಕಾಣಿಸಿದ್ದೂ ಆ ಹೊತ್ತಿಗೇ. ಭಾರತದ ನಿರೋಧಕ ಹುಳಗಳ ಜೀನು ಓದಿ ನೋಡಿದಾಗ ಒಂದು ಸ್ವಾರಸ್ಯ ಕಂಡಿತು. ಗೂಟದ ಜೀನು ಎಲ್ಲ ಹುಳಗಳಲ್ಲಿ ಒಂದೇ ಕಡೆ ಕೆಟ್ಟಿರಲಿಲ್ಲ. ಒಂದರಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ. ಯಾರೋ ಒಬ್ಬರು ಕಂಡುಹಿಡಿದು ಎಲ್ಲರಿಗೂ ಕಲಿಸಿದ್ದರೆ ಹೀಗಿರುತ್ತಿರಲಿಲ್ಲ. ಬೇರೆ ಬೇರೆ ಕಡೆ, ಬೇರೆ ಬೇರೆ ಸಲ, ಬೇರೆ ಬೇರೆ ತಪ್ಪುಗಳು. ಎಲ್ಲವನ್ನೂ ಬಿಟಿ ಹೊಲ ಒಂದೇ ಜರಡಿಯಲ್ಲಿ ಹಿಡಿಯಿತು.

ತೊಗರಿ ಮಾಡಿದ ಉಪಕಾರ

ಇಲ್ಲಿ ನನಗೆ ತುಂಬಾ ಇಷ್ಟವಾದ ಹೋಲಿಕೆ ಒಂದಿದೆ. ಹಸಿರು ಕಾಯಿಕೊರಕವೂ ಅದೇ ಬಿಟಿ ಹತ್ತಿ ತಿಂದಿತು, ಅಷ್ಟೇ ವರ್ಷ. ಅದು ಯಾಕೆ ಗುಲಾಬಿ ಹುಳದಷ್ಟು ಬೇಗ ಬಿಟಿಯನ್ನು ಸೋಲಿಸಲಿಲ್ಲ?

ಉತ್ತರ ಪಕ್ಕದ ಹೊಲದಲ್ಲಿದೆ. ಹಸಿರು ಹುಳ ತೊಗರಿ ತಿನ್ನುತ್ತದೆ, ಕಡಲೆ ತಿನ್ನುತ್ತದೆ, ಸೂರ್ಯಕಾಂತಿ, ಟೊಮೆಟೊ ಯಾವುದನ್ನೂ ಬಿಡುವುದಿಲ್ಲ. ಹೂ ಬಿಟ್ಟ ತೊಗರಿ ಗಿಡ ಬಗ್ಗಿಸಿ ಅಲುಗಾಡಿಸಿ, ತಾಡಪತ್ರಿಯ ಮೇಲೆ ಹುಳ ಬೀಳಿಸಿ ಆರಿಸುತ್ತಾರಲ್ಲ, ಅದೇ ಹುಳ. ಆ ಬೆಳೆಗಳಲ್ಲಿ ಬಿಟಿ ಇಲ್ಲ. ಯಾರೂ ಹೇಳದಿದ್ದರೂ, ಯಾವ ಪೊಟ್ಟಣ ಕೊಡದಿದ್ದರೂ, ತೊಗರಿ ಹೊಲ ಆಶ್ರಯ ಬೆಳೆಯ ಕೆಲಸ ಮಾಡಿತು. ಗುಲಾಬಿ ಹುಳ ಬಾಯಿರುಚಿಯಲ್ಲಿ ಕಟ್ಟಾ. ಅದಕ್ಕೆ ಹತ್ತಿಯೇ ಆಗಬೇಕು, ಹೆಚ್ಚೆಂದರೆ ಬೆಂಡೆಯಂಥ ಹತ್ತಿಯ ನೆಂಟರು. ಊರಿನ ಹತ್ತಿಯೆಲ್ಲ ಬಿಟಿ ಆದರೆ ಅದಕ್ಕೆ ಎರಡೇ ದಾರಿ. ಸಾಯಬೇಕು, ಇಲ್ಲ ಗೂಟ ಮುರಿದು ಹುಟ್ಟಿರಬೇಕು.

ಇದೇ ಹುಳ, ಇದೇ ಬಿಟಿ, ಆದರೆ ಅಮೆರಿಕದಲ್ಲಿ ಕಥೆ ತಿರುಗಿತು. ಅರಿಜೋನಾದಲ್ಲಿ 1996ರಿಂದ ಬಿಟಿ ಬೆಳೆದರು, ಆಶ್ರಯ ಸಾಲುಗಳನ್ನು ನಿಯಮದಂತೆ ಹಾಕಿದರು. ಹತ್ತು ವರ್ಷ ಬಿಟಿ ಕೈಕೊಡಲಿಲ್ಲ. 2006ರಿಂದ ಆಶ್ರಯ ಬೆಳೆಯ ಬದಲು ಮರಿ ಮಾಡಲಾರದ ಪತಂಗಗಳನ್ನು ವಿಮಾನದಿಂದ ಬಿಟ್ಟರು. ಉಳಿದ ಪತಂಗಕ್ಕೆ ಸಿಕ್ಕ ಜೋಡಿಯೆಲ್ಲ ಬಂಜೆ. 2018ರಲ್ಲಿ ಗುಲಾಬಿ ಹುಳ ಅಲ್ಲಿಂದ ನಿರ್ನಾಮವಾಗಿದೆ ಅಂತ ಸರ್ಕಾರವೇ ಸಾರಿತು.

ಚೀನಾದ್ದು ಇನ್ನೂ ಮಜಾ. ಯಾಂಗ್ಟ್ಸಿ ಕಣಿವೆಯಲ್ಲಿ ಹುಳದ ನಿರೋಧಕ ಶಕ್ತಿ ಏರುತ್ತಿತ್ತು. ಆಮೇಲೆ ಬಿಟಿ ಮತ್ತು ಬಿಟಿಯೇತರ ಹತ್ತಿಯನ್ನು ಕೂಡಿಸಿದ ಹೈಬ್ರಿಡ್ಡಿನ ಎರಡನೇ ತಲೆಮಾರಿನ ಬೀಜ ಅಗ್ಗ ಅಂತ ರೈತರು ಅದನ್ನೇ ಬಿತ್ತತೊಡಗಿದರು. ಅದರಲ್ಲಿ ನಾಲ್ಕು ಗಿಡಕ್ಕೆ ಒಂದು ಬಿಟಿ ಇಲ್ಲದ್ದು. ದುಡ್ಡು ಉಳಿಸಲು ಮಾಡಿದ್ದು, ಆಶ್ರಯ ಬೆಳೆಯಾಗಿ ಕೂತಿತು. ಏರುತ್ತಿದ್ದ ನಿರೋಧಕ ಶಕ್ತಿ ಇಳಿಯಿತು. ಹೌದು, ಇಳಿಯಿತು. ಮುರಿದ ಗೂಟಕ್ಕೆ ಬೆಲೆ ತೆರಬೇಕಾಗುತ್ತದೆ. ಬಿಟಿ ಇಲ್ಲದ ಕಡೆ ಅಂಥ ಹುಳ ಸಾದಾ ಹುಳದಷ್ಟು ಚೆನ್ನಾಗಿ ಬೆಳೆಯುವುದಿಲ್ಲ ಅಂತ ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಹತ್ತಿ ಗಿಡ ತನ್ನ ರಕ್ಷಣೆಗೆ ತಾನೇ ಮಾಡಿಕೊಳ್ಳುವ ಗಾಸಿಪಾಲ್ ಅನ್ನುವ ಕಹಿವಿಷ ಅದಕ್ಕೆ ಇನ್ನಷ್ಟು ತಟ್ಟುತ್ತದಂತೆ. ವಿಕಾಸಕ್ಕೆ ಮೇಲೇರುವ ಮೆಟ್ಟಿಲು ಅಂತ ಒಂದಿಲ್ಲ. ಇವತ್ತಿನ ಹೊಲದಲ್ಲಿ ಯಾರಿಗೆ ಮಕ್ಕಳು ಜಾಸ್ತಿ, ಅಷ್ಟೇ ಅದರ ಲೆಕ್ಕ.

ನಮ್ಮಲ್ಲಿ ಮಾತ್ರ ಉಲ್ಟಾ ಹೊಡೆಯಲು ಇನ್ನೂ ಎರಡು ಕಾರಣ ಸೇರಿಕೊಂಡವು. ಒಂದು ಹೈಬ್ರಿಡ್. ಹೈಬ್ರಿಡ್ ಹತ್ತಿಯನ್ನು ಜಗತ್ತಿಗೆ ಮೊದಲು ಕೊಟ್ಟದ್ದೇ ನಾವು, 1970ರಲ್ಲಿ ಸೂರತ್‌ನ ಎಚ್-4. ಎರಡು ವರ್ಷಕ್ಕೆ ಧಾರವಾಡದ ವರಲಕ್ಷ್ಮಿ ಬಂತು, ಕರ್ನಾಟಕದ ಹೆಮ್ಮೆ. ಆದರೆ ಬಿಟಿಯನ್ನು ಹೈಬ್ರಿಡ್‌ನಲ್ಲಿ ಇಟ್ಟಾಗ ಬಿಟಿ ಜೀನ್ ಗಿಡಕ್ಕೆ ಒಂದೇ ಕಡೆಯಿಂದ ಬರುತ್ತದೆ. ಗಿಡವೇನೋ ಬಿಟಿಯೇ. ಆದರೆ ಕಾಯೊಳಗಿನ ಬೀಜಗಳು ಮುಂದಿನ ತಲೆಮಾರು. ಒಂದು ಜೀನಿನ ಬಿಟಿಯಲ್ಲಿ ನಾಲ್ಕಕ್ಕೆ ಒಂದು ಬೀಜದಲ್ಲಿ ವಿಷವೇ ಇಲ್ಲ. ಎರಡು ಜೀನಿನದರಲ್ಲಿ ಕೆಲವು ಬೀಜಕ್ಕೆ ಎರಡೂ, ಕೆಲವಕ್ಕೆ ಒಂದೇ, ಹದಿನಾರಕ್ಕೆ ಒಂದರಲ್ಲಿ ಯಾವುದೂ ಇಲ್ಲ. ಗುಲಾಬಿ ಹುಳ ತಿನ್ನುವುದೇ ಬೀಜ. ಒಂದೇ ಕಾಯಲ್ಲಿ ವಿಷದ ಬೀಜ, ಸಾದಾ ಬೀಜ, ಅರ್ಧಂಬರ್ಧ ಡೋಸ್. ಒಂದು ಪ್ರತಿ ಮಾತ್ರ ಕೆಟ್ಟ ಹುಳ, ಸಾಯಬೇಕಾಗಿದ್ದದ್ದು, ಇಲ್ಲಿ ಬಚಾವಾಗಲು ದಾರಿ ಸಿಕ್ಕಿತು ಅಂತ ಹಲವು ವಿಜ್ಞಾನಿಗಳ ಅಂಬೋಣ.

ಇನ್ನೊಂದು ಕಾಲುವೆ ನೀರು. ನೀರಿದ್ದವರು ಹತ್ತಿಯನ್ನು ಫೆಬ್ರವರಿ, ಮಾರ್ಚ್ ತನಕ ಎಳೆಯುತ್ತಾರೆ. ಇನ್ನೆರಡು ಕ್ವಿಂಟಲ್ ಬಂದೀತು ಅನ್ನುವ ಆಸೆ, ತಪ್ಪಲ್ಲ. ಆದರೆ ಆ ಎರಡು ಕ್ವಿಂಟಲ್ ಜೊತೆ ಹುಳದ ಇನ್ನೆರಡು ತಲೆಮಾರು ಬರುತ್ತವೆ. ಬೆಳೆ ಮುಗಿದ ಮೇಲೆ ಹುಳ ಎರಡು ಬೀಜಗಳನ್ನು ಅಂಟಿಸಿ ಅದರೊಳಗೆ ಮಲಗಿ ಮುಂದಿನ ಮಳೆ ಕಾಯುತ್ತದೆ. ಜಿನ್ನಿಂಗ್ ಫ್ಯಾಕ್ಟರಿಯ ಅಂಗಳದಲ್ಲಿ, ಮನೆ ಹಿತ್ತಲಿನ ಹತ್ತಿ ಕಟ್ಟಿಗೆಯ ಬಣವೆಯಲ್ಲಿ.

ಹೊಸ ಹುಳ, ಹಳೇ ಹುಳ

ಒಂದು ಎಚ್ಚರಿಕೆ. ಎಲ್ಲ ಹಾವಳಿಗೂ ವಿಕಾಸ ಅಂತ ಹೆಸರಿಡಬಾರದು. 2021-22ರಲ್ಲಿ ಬಳ್ಳಾರಿ, ರಾಯಚೂರು ಭಾಗದ ಮೆಣಸಿನಕಾಯಿ ಹೂವಿನಲ್ಲೇ ಸುಟ್ಟ ಹಾಗೆ ಉದುರಿತಲ್ಲ, ಅದು ನಮ್ಮ ಹಳೇ ನುಸಿ ಬದಲಾದದ್ದಲ್ಲ. ಆಗ್ನೇಯ ಏಷ್ಯಾದಿಂದ ಬಂದ ಬೇರೆಯೇ ಜಾತಿಯ ಥ್ರಿಪ್ಸ್. 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ಮೊದಲು ಕಂಡಿತ್ತು. ಬಂದವನು ಬೇರೆ, ಬದಲಾದವನು ಬೇರೆ. ಆದರೆ ಬಂದ ದಿನದಿಂದ ಅದಕ್ಕೂ ಎಣ್ಣೆ ಹೊಡೆಯುತ್ತಿದ್ದೇವೆ, ಹಾಗಾಗಿ ಜರಡಿ ಶುರುವಾಗಿದೆ.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದವರಿಗೆ ಕಂದು ಜಿಗಿಹುಳುವಿನ ಪರಿಚಯ ನಾನು ಮಾಡಿಕೊಡಬೇಕಾಗಿಲ್ಲ. ಅಲ್ಲಿಯೂ ಜರಡಿಯದೇ ಕಥೆ. 1973ರಲ್ಲಿ ಫಿಲಿಪ್ಪೀನ್ಸ್‌ನ ಭತ್ತ ಸಂಶೋಧನಾ ಸಂಸ್ಥೆ ಜಿಗಿಹುಳು ತಡೆಯುವ ಐಆರ್-26 ತಳಿ ಬಿಟ್ಟಿತು. ಒಂದೇ ಜೀನಿನ ಬಲ. ಮೂರ್ನಾಲ್ಕು ವರ್ಷದೊಳಗೆ ಅದನ್ನು ತಿನ್ನುವ ಜಿಗಿಹುಳು ಹೊಲ ತುಂಬಿತು. 1914ರಲ್ಲೇ ಮೆಲ್ಯಾಂಡರ್ ಅನ್ನುವ ಅಮೆರಿಕದ ಕೀಟವಿಜ್ಞಾನಿ, ಸೇಬಿನ ತೋಟಕ್ಕೆ ಹೊಡೆಯುತ್ತಿದ್ದ ಸುಣ್ಣ-ಗಂಧಕದ ದ್ರಾವಣಕ್ಕೆ ಕೆಲವು ಕಡೆಯ ಹುಳ ಸಾಯುತ್ತಿಲ್ಲ ಅಂತ ಬರೆದಿದ್ದ. ನೂರು ವರ್ಷ ದಾಟಿತು.

"ಆದರೂ ಹುಳ ಹುಳವಾಗಿಯೇ ಉಳೀತಲ್ಲ, ಹೊಸ ಪ್ರಾಣಿ ಎಲ್ಲಾಯ್ತು?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹದಿನೈದು ವರ್ಷದಲ್ಲಿ ಹೊಸ ಜಾತಿ ಹುಟ್ಟುವುದನ್ನು ನೋಡಲು ಸಾಮಾನ್ಯವಾಗಿ ಆಗುವುದಿಲ್ಲ. ಒಂದು ಗುಂಪು ಎರಡಾಗಿ ಬೇರೆ ಬೇರೆ ಕಡೆ ಉಳಿದು, ಸಾವಿರಾರು ತಲೆಮಾರು ಇಂಥ ಸಣ್ಣ ಬದಲಾವಣೆ ಕೂಡಿಕೊಂಡು, ಕೊನೆಗೆ ಎದುರು ಸಿಕ್ಕರೂ ಕೂಡಿ ಮರಿ ಮಾಡಲಾಗದ ಸ್ಥಿತಿಗೆ ಬರಬೇಕು. ಆದರೆ ಆಗಿಹೋದದ್ದರ ಗುರುತು ಹತ್ತಿ ಗಿಡದಲ್ಲೇ ಇದೆ. ಎರೆ ಹೊಲದಲ್ಲಿ ಮೊದಲು ಬೆಳೆಯುತ್ತಿದ್ದ ಜವಾರಿ ಹತ್ತಿಯ ಜೀವಕೋಶದಲ್ಲಿ 26 ವರ್ಣತಂತುಗಳು. ಈಗಿನ ಹೈಬ್ರಿಡ್ ಹತ್ತಿಯಲ್ಲಿ 52. ಪಕ್ಕಪಕ್ಕ ಹಾಕಿದರೂ ಎರಡೂ ಸಹಜವಾಗಿ ಕೂಡಿ ಫಲ ಕೊಡುವುದಿಲ್ಲ.

52 ಬಂದದ್ದು ಹೇಗೆ? ಹತ್ತು-ಇಪ್ಪತ್ತು ಲಕ್ಷ ವರ್ಷಗಳ ಹಿಂದೆ ನಮ್ಮ ಜವಾರಿ ಹತ್ತಿಯ ಕುಲದ ಒಂದು ಗಿಡ ಹೇಗೋ ಸಮುದ್ರ ದಾಟಿ ಅಮೆರಿಕ ಖಂಡ ಸೇರಿತು. ಅಲ್ಲಿ ಪೆರು ದೇಶದ ಒಂದು ಕಾಡುಹತ್ತಿಯ ಹತ್ತಿರದ ಬಂಧುವಿನ ಜೊತೆ ಕೂಡಿತು. ಎರಡರ ವರ್ಣತಂತುಗಳೂ ಪೂರ್ತಿ ಉಳಿದವು, 26ಕ್ಕೆ 26 ಸೇರಿತು. ಹೊಸ ಜಾತಿ. ಇದು ನಿಧಾನದ ದಾರಿಯಲ್ಲ, ಒಂದೇ ಜಿಗಿತ. ಗಿಡಗಳಲ್ಲಿ ಹೀಗೂ ಆಗುತ್ತದೆ. ಆ ಅಮೆರಿಕದ ಕಾಡುಹತ್ತಿಯಲ್ಲಿ ನೂಲಲು ಬರುವ ಎಳೆಯೇ ಇಲ್ಲ. ಎಳೆಯ ಗುಣ ಹೋದದ್ದು ಜವಾರಿ ಕುಲದಿಂದ. ನಾವು 'ಅಮೆರಿಕನ್ ಹತ್ತಿ' ಅನ್ನುವುದರ ಒಂದು ಅಜ್ಜಿ ನಮ್ಮ ಜವಾರಿ ಹತ್ತಿಯ ಕುಲದವಳೇ.

ಇದೆಲ್ಲ ಹತ್ತನೇ ಕ್ಲಾಸಿನ ಮಟ್ಟದ ವಿಷಯ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನದಿಂದ ಜೀವವಿಕಾಸದ ಭಾಗ ತೆಗೆದು, ಪಾಠದ ಹೆಸರನ್ನೂ ಬರೀ ಆನುವಂಶೀಯತೆ ಅಂತ ಮಾಡಿತು. ಮಕ್ಕಳ ಹೊರೆ ಇಳಿಸಲು ಅಂದರು. 1,800ಕ್ಕೂ ಜಾಸ್ತಿ ವಿಜ್ಞಾನಿಗಳು, ಮೇಷ್ಟ್ರುಗಳು ಬೇಡ ಅಂತ ಸಹಿ ಹಾಕಿದರು. ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ ಅನ್ನುವ ಉತ್ತರ ಬಂತು. ಇದೆ, ಸೈನ್ಸ್ ತಗೊಂಡು ಬಯಾಲಜಿ ಓದುವವರಿಗೆ. ಹತ್ತಕ್ಕೇ ಶಾಲೆ ಬಿಟ್ಟು ಹೊಲಕ್ಕಿಳಿಯುವ ಹುಡುಗನಿಗೆ ಆ 120 ಗ್ರಾಂ ಪೊಟ್ಟಣ ಯಾಕೆ ಅಂತ ಯಾರು ಹೇಳಬೇಕು?

ಮೋಹಕ ದಾರ, ಕುರಿ ಹಲ್ಲು

ಈಗ ಮಾಡುವುದೇನು ಅಂತ ಕಾಕಾ ಕೇಳಿದರು. ಅವರಿಗೆ ಡಾರ್ವಿನ್ ಬೇಕಾಗಿರಲಿಲ್ಲ.

ಮೋಹಕ ಬಲೆ ಅವರು ಆಗಲೇ ಕಟ್ಟಿದ್ದರು. ಹೆಣ್ಣು ಪತಂಗದ ವಾಸನೆ ಇಟ್ಟ ಬಲೆ, ಗಂಡು ಬಂದು ಬೀಳುತ್ತದೆ. ಒಂದು ಬಲೆಗೆ ರಾತ್ರಿಗೆ ಎಂಟು ಪತಂಗದಂತೆ ಮೂರು ರಾತ್ರಿ ಬಿದ್ದರೆ ಎಣ್ಣೆ ಹೊಡೆಯುವ ಹೊತ್ತಾಯಿತು ಅಂತ ಲೆಕ್ಕ. ಅದೇ ವಾಸನೆಯನ್ನು ದಾರದಂಥ ಪಟ್ಟಿಯಲ್ಲಿ ತುಂಬಿ ಗಿಡಗಳಿಗೆ ಕಟ್ಟುವ ವಿಧಾನವೂ ಬಂದಿದೆ. ಹೊಲವಿಡೀ ಹೆಣ್ಣಿನ ವಾಸನೆ, ಗಂಡಿಗೆ ನಿಜವಾದ ಹೆಣ್ಣು ಎಲ್ಲಿದೆ ಗೊತ್ತಾಗುವುದಿಲ್ಲ. ಒಬ್ಬರ ಎರಡೆಕರೆಗೆ ಕಟ್ಟಿದರೆ ಉಪಯೋಗ ಕಡಿಮೆ, ಪಕ್ಕದ ಹೊಲದಲ್ಲಿ ಜೋಡಿಯಾದ ಹೆಣ್ಣು ಹಾರಿ ಬರುತ್ತದೆ. ಊರು ಸೇರಿ ಕಟ್ಟಬೇಕು.

"ಹಂಗಾರ ಇದಕ್ಕರೆ ಹುಳ ರೂಢಿ ಆಗಂಗಿಲ್ಲೇನು?"

ರೂಢಿ ಅಲ್ಲ ಕಾಕಾ, ಅಂದೆ. ನಕ್ಕರು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ಜಪಾನಿನ ಚಹಾ ತೋಟಗಳಲ್ಲಿ 1983ರಿಂದ ಇಂಥದ್ದೇ ವಾಸನೆಯ ವಿಧಾನ ಬಳಸಿದರು. ಹತ್ತು-ಹನ್ನೆರಡು ವರ್ಷದಲ್ಲಿ ಅದರ ಪ್ರಭಾವ ಇಳಿಯಿತು. ಆ ವಾಸನೆಯ ಗೊಂದಲದಲ್ಲೂ ಜೋಡಿ ಹುಡುಕಿಕೊಂಡ ಪತಂಗಗಳ ಮಕ್ಕಳೇ ಉಳಿದಿದ್ದವು. ವಾಸನೆಯ ಮಿಶ್ರಣ ಬದಲಿಸಿ ಮತ್ತೆ ದಾರಿಗೆ ತಂದರು. ಯಾವುದನ್ನೇ ಆಗಲಿ ಒಂದನ್ನೇ, ಎಲ್ಲ ಕಡೆ, ಪ್ರತಿ ವರ್ಷ ಹಾಕಿದರೆ ಅದೂ ಒಂದು ಜರಡಿ ಆಗುತ್ತದೆ.

ಜನವರಿಯಲ್ಲೇ ಹತ್ತಿ ಕಿತ್ತುಬಿಡಿ ಅಂದೆ. ಅದು ಕಾಕಾನಿಗೆ ಹಿಡಿಸಲಿಲ್ಲ. ಮೇಲೆ ಇನ್ನೂ ಕಾಯಿ ಇತ್ತು. ಕೀಳುವ ಮೊದಲು ಕುರಿ ಬಿಡಿ, ಎಣ್ಣೆ ಹೊಡೆದು ಸಾಕಷ್ಟು ದಿನ ಆಗಿರಬೇಕು ಅಷ್ಟೇ, ಅಂದೆ. ಕುರಿ ಅರೆಬಿರಿದ ಕಾಯಿ, ಎಳೇ ಕಾಯಿ ಎಲ್ಲ ಮೇಯುತ್ತದೆ, ಒಳಗಿರುವ ಹುಳದ ಸಮೇತ. ಗೂಟ ಇದ್ದ ಹುಳ, ಗೂಟ ಮುರಿದ ಹುಳ, ಕುರಿಯ ಹಲ್ಲಿಗೆ ಎರಡೂ ಒಂದೇ. ಈ ಎರಡರಲ್ಲಿ ಭೇದ ಮಾಡದೆ ಕೊಲ್ಲುವುದರಿಂದ ಗೂಟ ಮುರಿದವರ ಪಾಲು ಏರುವುದಿಲ್ಲ.

ಕಾಕಾ ಸೀಳಿದ ಕಾಯಿಯನ್ನು ಇನ್ನೊಂದು ಸಲ ತಿರುಗಿಸಿ ನೋಡಿದರು. ಹುಳವನ್ನು ಹೆಬ್ಬೆರಳಿಂದ ಒತ್ತಿ, ಬೆರಳು ಧೋತರಕ್ಕೆ ಒರೆಸಿಕೊಂಡರು. ಆಮೇಲೆ ಸಾಲಿನ ಆ ತುದಿಯಲ್ಲಿದ್ದ ಮಗನಿಗೆ ಕೂಗಿ ಹೇಳಿದರು, "ಕುರಿಯವರು ಎಲ್ಲಿ ಹಟ್ಟಿ ಹಾಕ್ಯಾರ, ಒಂದು ಫೋನ್ ಹಚ್ಚಿ ಕೇಳು."